ಮಾಗಿಯ ಕಾಲದಲ್ಲಿ ರಸ್ತೆಯ ಸಂಚಾರ: ಸುಗ್ಗಿಯ ದಿನಗಳ ಅಪಾಯಗಳೂ ನಿವಾರಣೋಪಾಯಗಳೂ

ಕಾರ್ತಿಕ ಮಾಸವು ಕಳೆದು ಮಾರ್ಗಶಿರವು ಕಾಲಿಡುತ್ತಲೇ ರೈತನಿಗೆ ಬಿಡುವಿಲ್ಲದ ದಿನಗಳು ಪ್ರಾರಂಭವಾಗುವುವು. ರಾಗಿ ಬತ್ತಗಳ ಕೊಯಿಲು, ಹುರುಳಿಯನ್ನು ಕಿತ್ತು ಒಟ್ಟುವುದು, ಕಬ್ಬನ್ನು ಕಡಿದು ಕಾರ್ಖಾನೆಗೆ ಸಾಗಿಸುವುದು, ಮಲೆನಾಡಿನ ಸೀಮೆಯಲ್ಲಿ ಅಡಕೆ ಕಾಫಿಗಳ ಕೊಯಿಲು, ಇವೆಲ್ಲವೂ ಈ ಎರಡು ಮೂರು ತಿಂಗಳುಗಳಲ್ಲಿಯೇ ಒಟ್ಟಿಗೆ ಬರತಕ್ಕವು. ಬೆಳೆದ ಪದಾರ್ಥವು ಹೊಲದಿಂದ ಮನೆಗೂ ಮನೆಯಿಂದ ಪೇಟೆಗೂ ಹೋಗಬೇಕಾದರೆ ರಸ್ತೆಯೇ ಗತಿ. ಆದರೆ ರಸ್ತೆಯ ಮೇಲೆ ಗಾಡಿಗಳೂ ಟ್ರಾಕ್ಟರುಗಳೂ ಅತ್ಯಂತ ಹೆಚ್ಚಾಗಿ ಓಡಾಡುವ ಈ ದಿನಗಳಲ್ಲಿಯೇ ಕಾವಳವು ಕವಿಯುವುದು, ಹಗಲು ಕುಗ್ಗುವುದು, ಸಂಜೆ ಆರು ಗಂಟೆಗೆಲ್ಲಾ ಕತ್ತಲೆಯಾಗುವುದು. ಮಳೆಗಾಲದ ಕೆಸರಿಗೆ ಅಂಜಿ ನಿಧಾನವಾಗಿ ನಡೆಯುವ ಸವಾರನು ಮಾಗಿಯ ಒಣ ರಸ್ತೆಯನ್ನು ಕಂಡು ಧೈರ್ಯಗೊಂಡು ವೇಗವನ್ನು ಹೆಚ್ಚಿಸುವನು. ಈ ಧೈರ್ಯವೇ ಅನೇಕ ವೇಳೆ ಅಪಾಯಕ್ಕೆ ಕಾರಣವಾಗುವುದು.

ಈ ಕಾಲದಲ್ಲಿ ರಸ್ತೆಯ ಅಪಾಯಗಳು ಹೇಗೆ ಉಂಟಾಗುವುವು, ಅವುಗಳಲ್ಲಿ ರೈತರ ಕೈಯಿಂದಲೇ ಆಗುವುವು ಯಾವುವು, ಅವನ್ನು ತಪ್ಪಿಸಲು ಗ್ರಾಮದ ಮುಖಂಡರೂ ಭೂಮಾಲೀಕರೂ ಏನು ಮಾಡಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವು.

೧. ಕಾವಳ ಕವಿಯುವ ಬಗೆ

ಹಗಲಿನಲ್ಲಿ ಬಿಸಿಲಿನಿಂದ ಕಾದ ನೆಲವು ರಾತ್ರಿಯಲ್ಲಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುವುದು. ಆಕಾಶದಲ್ಲಿ ಮೋಡವಿದ್ದರೆ ಅದು ಕಂಬಳಿಯಂತೆ ಶಾಖವನ್ನು ತಡೆಯುವುದು. ಮಾಗಿಯ ರಾತ್ರಿಗಳಲ್ಲಿ ಮೋಡವಿರುವುದು ಅಪರೂಪವಾದ್ದರಿಂದ ನೆಲವು ಬೇಗನೆ ತಂಪಾಗುವುದು. ನೆಲಕ್ಕೆ ತಗುಲಿದ ಗಾಳಿಯೂ ತಂಪಾಗಿ, ಅದರಲ್ಲಿದ್ದ ನೀರಿನ ಆವಿಯು ಸಣ್ಣ ಹನಿಗಳಾಗಿ ಗಾಳಿಯಲ್ಲಿಯೇ ತೇಲುವುದು. ಇದೇ ಕಾವಳ, ಅಥವಾ ಮಂಜು. ಅದೇ ಆವಿಯು ಹುಲ್ಲಿನ ಮೇಲೂ ರಸ್ತೆಯ ಮೇಲೂ ಹನಿಗಟ್ಟಿದರೆ ಅದಕ್ಕೆ ಇಬ್ಬನಿಯೆಂದು ಹೆಸರು. ಮುಂದೆ ಕಾಣುವ ದೂರವು ೧೦೦೦ ಮೀಟರಿಗಿಂತ ಕಡಿಮೆಯಾದಾಗ ಅದನ್ನು ಮಂಜು ಎಂದು ಹವಾಮಾನ ಶಾಸ್ತ್ರಜ್ಞರು ಎಣಿಸುವರು. ಅದು ೫೦ ಮೀಟರಿಗಿಂತಲೂ ಕಡಿಮೆಯಾಗುವುದುಂಟು.

ಗಾಳಿಯಾಡದ ತಗ್ಗುಗಳಲ್ಲಿಯೂ, ಕೆರೆಯ ಏರಿ, ನಾಲೆಯ ದಂಡೆ, ಹೊಳೆಯ ಸೇತುವೆ, ನೀರು ಕಟ್ಟಿದ ಗದ್ದೆ ಬಯಲು ಮುಂತಾದ ತೇವವುಳ್ಳ ಸ್ಥಳಗಳಲ್ಲಿಯೂ ಕಾವಳವು ದಟ್ಟವಾಗಿರುವುದು. ಆದುದರಿಂದ ದಿಣ್ಣೆಯ ಮೇಲೆ ತಿಳಿಯಾಗಿದ್ದ ರಸ್ತೆಯು ಇಳಿಜಾರನ್ನು ಇಳಿದು ಹಳ್ಳವನ್ನು ಸೇರುತ್ತಲೇ ಗೋಡೆ ಅಡ್ಡ ಬಂದಂತೆ ಮರೆಯಾಗುವುದು. ಸೂರ್ಯೋದಯದ ಮುಂಚಿನ ಒಂದೆರಡು ಗಂಟೆಯೂ ಅನಂತರದ ಒಂದೆರಡು ಗಂಟೆಯೂ ಬಹಳ ಎಚ್ಚರಿಕೆಯಿಂದಿರತಕ್ಕ ವೇಳೆ. ಈ ವೇಳೆಯಲ್ಲಿಯೇ ಹಾಲಿನ ಕ್ಯಾನುಗಳನ್ನು ಹೊತ್ತು ಹೆಂಗಸರು ಡೈರಿಗೆ ನಡೆಯುವರು. ತೋಟಗಳಿಗೆ ಕೂಲಿಯಾಳುಗಳು ಹೊರಡುವರು. ಕಬ್ಬಿನ ಗಾಡಿಗಳು ಕಾರ್ಖಾನೆಯ ಸರದಿಗಾಗಿ ಸಾಲುಗಟ್ಟುವುವು. ರಾತ್ರಿಯ ಚಳಿಗೆ ನಾಯಿಗಳೂ ದನಗಳೂ ಶಾಖವುಳ್ಳ ಡಾಂಬರಿನ ಮೇಲೆ ಬಂದು ಮಲಗುವುದೂ ಉಂಟು.

ಇದರ ಜೊತೆಗೆ ಹೊಲದಲ್ಲಿ ಕಬ್ಬಿನ ತರಗು, ಕೂಳೆ, ಕಸಕಡ್ಡಿಗಳನ್ನು ಸುಟ್ಟರೆ ಹೊಗೆಯು ತಂಪಾದ ಗಾಳಿಯಲ್ಲಿ ಮೇಲೇಳಲಾರದೆ ನೆಲದ ಮೇಲೆಯೇ ಹರಡುವುದು. ಹೊಗೆಯ ಕಣಗಳ ಸುತ್ತ ಆವಿಯು ಹನಿಗಟ್ಟಿ ಕಾವಳವು ಇನ್ನಷ್ಟು ದಟ್ಟವಾಗುವುದು. ರಸ್ತೆಯ ಪಕ್ಕದ ಹೊಲದಲ್ಲಿ ಸಂಜೆ ಹಚ್ಚಿದ ಬೆಂಕಿಯು ಮಾರನೆಯ ಬೆಳಗ್ಗೆ ದಾರಿಹೋಕನ ಕಣ್ಣನ್ನು ಕಟ್ಟುವುದೆಂಬುದನ್ನು ರೈತರು ತಿಳಿಯತಕ್ಕದ್ದು. ತರಗನ್ನು ಸಾಲುಗಳ ನಡುವೆ ಹೊದಿಸಿ ಕೊಳೆಸಿದರೆ ಭೂಮಿಗೆ ಗೊಬ್ಬರವೂ ಆಗುವುದು, ತೇವವೂ ಉಳಿಯುವುದು, ರಸ್ತೆಗೆ ಹೊಗೆಯೂ ತಪ್ಪುವುದು.

೨. ಕಣ್ಣಿಗೆ ಕಾಣುವ ದೂರವೂ ವಾಹನದ ವೇಗವೂ

ಕಾವಳದಲ್ಲಿ ಎಷ್ಟು ವೇಗವಾಗಿ ಹೋಗಬಹುದೆಂಬ ಪ್ರಶ್ನೆಗೆ ಒಂದೇ ಉತ್ತರವುಂಟು: ಕಣ್ಣಿಗೆ ಕಾಣುವಷ್ಟು ದೂರದೊಳಗೆ ವಾಹನವನ್ನು ನಿಲ್ಲಿಸಲು ಸಾಧ್ಯವಾಗುವಷ್ಟು ಮಾತ್ರ. ವಾಹನವು ನಿಲ್ಲಲು ಬೇಕಾಗುವ ದೂರವು ಎರಡು ಭಾಗವಾಗಿದೆ. ಅಡ್ಡಿಯನ್ನು ಕಂಡು, ಮನಸ್ಸು ಅದನ್ನು ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವವರೆಗೆ ವಾಹನವು ಮೊದಲಿನ ವೇಗದಲ್ಲಿಯೇ ಓಡುವ ದೂರವು ಮೊದಲನೆಯದು. ಬ್ರೇಕು ಹಿಡಿದ ಮೇಲೆ ವಾಹನವು ಪೂರ್ಣವಾಗಿ ನಿಲ್ಲುವವರೆಗಿನ ದೂರವು ಎರಡನೆಯದು. ವೇಗವು ಎರಡರಷ್ಟಾದರೆ ಈ ಎರಡನೆಯ ದೂರವು ಎರಡರಷ್ಟಲ್ಲ, ನಾಲ್ಕರಷ್ಟಾಗುವುದು.

೧೯೩೪ನೆಯ ಇಸವಿಯಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್ಸು ರಸ್ತೆಗಳನ್ನು ನಿರ್ಮಿಸುವ ಇಂಜಿನಿಯರುಗಳಿಗಾಗಿ ಈ ದೂರಗಳನ್ನು ಗೊತ್ತುಮಾಡಿರುತ್ತದೆ. ಅಡ್ಡಿಯನ್ನು ಕಂಡು ಬ್ರೇಕು ಹಿಡಿಯಲು ಎರಡೂವರೆ ಸೆಕೆಂಡು ಬೇಕೆಂದು ಇದರಲ್ಲಿ ಎಣಿಸಲಾಗಿದೆ. ಗಂಟೆಯ ವೇಗವೂ ನಿಲ್ಲಲು ಬೇಕಾದ ದೂರವೂ ಹೀಗಿರುವುವು:

೨೦ ಕಿಲೋಮೀಟರ್ ವೇಗಕ್ಕೆ ೨೦ ಮೀಟರ್
೩೦ ಕಿಲೋಮೀಟರ್ ವೇಗಕ್ಕೆ ೩೦ ಮೀಟರ್
೪೦ ಕಿಲೋಮೀಟರ್ ವೇಗಕ್ಕೆ ೪೫ ಮೀಟರ್
೬೦ ಕಿಲೋಮೀಟರ್ ವೇಗಕ್ಕೆ ೮೦ ಮೀಟರ್
೮೦ ಕಿಲೋಮೀಟರ್ ವೇಗಕ್ಕೆ ೧೨೦ ಮೀಟರ್

ಈ ಪಟ್ಟಿಯ ಪ್ರಯೋಜನವನ್ನು ಒಂದು ಉದಾಹರಣೆಯಿಂದ ನೋಡಬಹುದು. ಕಬ್ಬು ತುಂಬಿದ ಟ್ರೇಲರೊಂದು ಅಚ್ಚು ಮುರಿದು ರಸ್ತೆಯ ಮೇಲೆಯೇ ನಿಂತಿದೆ, ಹಿಂದೆ ದೀಪವಿಲ್ಲ, ಕಾವಳದಲ್ಲಿ ೫೦ ಮೀಟರಿನಾಚೆ ಏನೂ ಕಾಣದು ಎಂದಿಟ್ಟುಕೊಳ್ಳೋಣ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನವನು ಅದನ್ನು ಕಂಡು ಬ್ರೇಕು ಹಿಡಿಯುವುದರೊಳಗೆ ಸುಮಾರು ೪೨ ಮೀಟರ್ ಮುಂದೆ ಬಂದಿರುವನು. ಉಳಿದದ್ದು ೮ ಮೀಟರ್ ಮಾತ್ರ. ಅಷ್ಟರಲ್ಲಿ ಬ್ರೇಕು ಹಿಡಿದರೂ ಪಟ್ಟಿಯ ಲೆಕ್ಕದಂತೆ ಡಿಕ್ಕಿ ಹೊಡೆಯುವಾಗ ಕಾರಿನ ವೇಗವು ಇನ್ನೂ ೫೦ ಕಿಲೋಮೀಟರಿಗೂ ಮೇಲಿರುವುದು. ಅದೇ ಕಾರು ೪೦ ಕಿಲೋಮೀಟರ್ ವೇಗದಲ್ಲಿ ಬಂದಿದ್ದರೆ ಟ್ರೇಲರಿಗೆ ಐದು ಮೀಟರ್ ಹಿಂದೆಯೇ ನಿಲ್ಲುತ್ತಿತ್ತು. ಸಾವಿಗೂ ಬದುಕಿಗೂ ನಡುವೆ ಇದ್ದದ್ದು ೨೦ ಕಿಲೋಮೀಟರಿನ ವೇಗ, ಅಥವಾ ಟ್ರೇಲರಿನ ಹಿಂದೆ ಇರಬೇಕಾಗಿದ್ದ ಒಂದು ಕೆಂಪು ದೀಪ.

ಹಳ್ಳಿಯ ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನವೂ ಅದೇ ದಾರಿಯಲ್ಲಿಯೇ ಬರುವುದರಿಂದ ಎರಡೂ ನಿಲ್ಲಲು ಸ್ಥಳ ಬೇಕು. ಆದ್ದರಿಂದ ಅಲ್ಲಿ ಪಟ್ಟಿಯ ದೂರವನ್ನು ಇಮ್ಮಡಿಯಾಗಿ ಎಣಿಸತಕ್ಕದ್ದು. ೫೦ ಮೀಟರ್ ಮಾತ್ರ ಕಾಣುವಾಗ ಇಂತಹ ರಸ್ತೆಯಲ್ಲಿ ೨೦ ಕಿಲೋಮೀಟರಿಗಿಂತ ಹೆಚ್ಚಿನ ವೇಗವು ಸುರಕ್ಷಿತವಲ್ಲ. ಕಾಣುವ ದೂರವನ್ನು ಅಂದಾಜು ಮಾಡಲು ದಾರಿಯ ಪಕ್ಕದ ವಿದ್ಯುತ್ ಕಂಬಗಳು ಸಹಾಯಕವಾಗುವುವು. ಹಳ್ಳಿಗಳ ಕಡೆ ಇವುಗಳ ಅಂತರವು ಸಾಮಾನ್ಯವಾಗಿ ಸುಮಾರು ೫೦ ಮೀಟರ್. ಒಂದು ಕಂಬದ ಬಳಿ ನಿಂತಾಗ ಮುಂದಿನ ಕಂಬವು ಕಾಣದಿದ್ದರೆ ಪ್ರಯಾಣವನ್ನು ಬಿಸಿಲೇರುವವರೆಗೆ ನಿಲ್ಲಿಸುವುದೇ ಉತ್ತಮ. ಒಂದು ಗಂಟೆ ತಡವಾದರೆ ಕೆಡುವ ಕೆಲಸಗಳು ಬಹಳ ಇಲ್ಲ.

೩. ಕಾವಳದಲ್ಲಿ ವಾಹನ ನಡೆಸುವ ಕ್ರಮ

ದೀಪವನ್ನು ಯಾವಾಗಲೂ ತಗ್ಗಿಸಿ ಉರಿಸತಕ್ಕದ್ದು. ಎತ್ತರದ ಬೆಳಕು ನೀರಿನ ಹನಿಗಳಿಗೆ ತಗುಲಿ ಸವಾರನ ಕಣ್ಣಿಗೇ ಹಿಂದಿರುಗುವುದರಿಂದ ಬಿಳಿಯ ಪರದೆಯನ್ನು ಎದುರಿಗೆ ಕಟ್ಟಿದಂತಾಗುವುದು. ತಗ್ಗಿಸಿದ ಬೆಳಕು ನೆಲವನ್ನು ತೋರಿಸುವುದು. ಬೆಳಗಾಗಿದೆಯೆಂದು ದೀಪವನ್ನು ಆರಿಸಬಾರದು. ದೀಪವಿರುವುದು ತನಗೆ ದಾರಿ ಕಾಣುವುದಕ್ಕಾಗಿ ಮಾತ್ರವಲ್ಲ, ತಾನು ಇತರರಿಗೆ ಕಾಣುವುದಕ್ಕಾಗಿಯೂ ಹೌದು. ಗಾಜಿನ ಒಳಮೈಗೆ ಉಸಿರಿನ ಆವಿ ಕಟ್ಟಿದರೆ ಕಿಟಕಿಯನ್ನು ಸ್ವಲ್ಪ ತೆರೆದು ಗಾಳಿಯಾಡಗೊಡಬೇಕು. ಹೊರಡುವ ಮುಂಚೆ ಗಾಜನ್ನೂ ದೀಪಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಸುಗ್ಗಿಯ ಧೂಳು ಇವುಗಳ ಮೇಲೆ ಕೂತು ಬೆಳಕನ್ನು ಕುಂದಿಸುವುದು.

ಮುಂದಿನ ವಾಹನದ ಕೆಂಪು ದೀಪವನ್ನೇ ನಂಬಿ ಅದರ ಬೆನ್ನಿಗೆ ಅಂಟಿಕೊಂಡು ಹೋಗುವುದು ತಪ್ಪು. ರಸ್ತೆಯ ಎಡ ಅಂಚನ್ನು ಗುರುತಾಗಿಟ್ಟುಕೊಂಡು, ಒಂದನ್ನೊಂದು ದಾಟುವ ಆತುರವನ್ನು ಬಿಟ್ಟು, ತಿರುವುಗಳಲ್ಲಿ ಹಾರನ್ ಮಾಡಿ ನಡೆಯಬೇಕು. ನಿಲ್ಲಬೇಕಾದರೆ ರಸ್ತೆಯಿಂದ ಪೂರ್ತಿಯಾಗಿ ಕೆಳಗಿಳಿದು ನಿಲ್ಲಬೇಕು. ಇಬ್ಬನಿಯಿಂದ ನೆನೆದ ರಸ್ತೆಯು, ಅದರಲ್ಲಿಯೂ ಗದ್ದೆಯಿಂದ ಬಂದ ಟ್ರಾಕ್ಟರಿನ ಗಾಲಿಗಳಿಂದ ಉದುರಿದ ಮಣ್ಣು ಅದರ ಮೇಲಿದ್ದರೆ, ಬಹಳ ಜಾರುವುದು; ಮೋಟಾರು ಸೈಕಲಿನವರು ಇಂತಹ ಸ್ಥಳದಲ್ಲಿ ಥಟ್ಟನೆ ಬ್ರೇಕು ಹಿಡಿಯಬಾರದು. ಗದ್ದೆಯಿಂದ ರಸ್ತೆಗೆ ಹತ್ತುವ ಮುಂಚೆ ಗಾಲಿಗಳ ಮಣ್ಣನ್ನು ಕೆರೆದುಹಾಕುವುದು ಟ್ರಾಕ್ಟರಿನ ಒಡೆಯನ ಕರ್ತವ್ಯವು.

೪. ಕಬ್ಬಿನ ಗಾಡಿಗಳೂ ಟ್ರಾಕ್ಟರುಗಳೂ

ಮಂಡ್ಯದಲ್ಲಿ ೧೯೩೩ನೆಯ ಇಸವಿಯಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಕಾಲದಲ್ಲಿ ಕಬ್ಬನ್ನು ಸಾಗಿಸುತ್ತಿದ್ದದ್ದು ಮುಖ್ಯವಾಗಿ ಎತ್ತಿನ ಗಾಡಿಗಳು. ಗಾಡಿಯ ಕೆಳಗೆ ತೂಗುವ ಲಾಂದ್ರವೇ ಆಗಿನ ದೀಪ. ಎದುರಿಗೆ ಬರುವುದೂ ಬಹುಮಟ್ಟಿಗೆ ಇನ್ನೊಂದು ಗಾಡಿಯೇ ಆದ್ದರಿಂದ ಗಾಡಿಯವನು ತೂಕಡಿಸಿದರೂ ಎತ್ತುಗಳು ದಾರಿಯನ್ನು ನೋಡಿಕೊಳ್ಳುತ್ತಿದ್ದವು. ಈಗ ಮಂಡ್ಯ, ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳಲ್ಲಿ ಒಂದು ಟ್ರಾಕ್ಟರಿಗೆ ಎರಡು ಟ್ರೇಲರುಗಳನ್ನು ಕಟ್ಟಿ, ಪಕ್ಕಕ್ಕೂ ಹಿಂದಕ್ಕೂ ಚಾಚುವಂತೆ ಕಬ್ಬನ್ನು ಹೇರಿ, ಲಾರಿಗಳೂ ಬಸ್ಸುಗಳೂ ವೇಗವಾಗಿ ಓಡುವ ರಸ್ತೆಯಲ್ಲಿಯೇ ರಾತ್ರಿಯೆಲ್ಲಾ ಸಾಗಿಸುವುದು ಕಾಣಬರುತ್ತದೆ. ಟ್ರೇಲರಿಗೆ ದೀಪವಿದ್ದರೂ ಜೋಲುವ ಕಬ್ಬಿನ ತುದಿಗಳು ಅದನ್ನು ಮರೆಮಾಡುವುವು.

ಇದಕ್ಕೆ ಪರಿಹಾರಗಳು ಕಷ್ಟವಾದುವಲ್ಲ. ಟ್ರೇಲರಿನ ಹಿಂದೆ ಕೆಂಪು, ಮುಂದೆ ಬಿಳಿ, ಪಕ್ಕಗಳಲ್ಲಿ ಹಳದಿ ಬಣ್ಣದ ಪ್ರತಿಫಲಕ ಪಟ್ಟಿಗಳನ್ನು ಅಂಟಿಸತಕ್ಕದ್ದು. ಹೇರು ಕಟ್ಟಿದ ಮೇಲೆ ಹೇರಿನ ಹಿಂತುದಿಗೆ ಒಂದು ಕೆಂಪು ದೀಪವನ್ನೂ ಪ್ರತಿಫಲಕದ ಹಲಗೆಯನ್ನೂ ತೂಗುಹಾಕತಕ್ಕದ್ದು. ಮಂಜಿಲ್ಲದ ರಾತ್ರಿಯಲ್ಲಿ ಒಳ್ಳೆಯ ಪ್ರತಿಫಲಕವು ನೂರು ಮೀಟರಿಗೂ ಮೀರಿದ ದೂರದಿಂದ ಹೊಳೆಯುವುದು. ಕಾವಳದಲ್ಲಿ ಮಾತ್ರ ಅದೊಂದನ್ನೇ ನಂಬದೆ, ಉರಿಯುವ ದೀಪವನ್ನು ಅವಶ್ಯವಾಗಿ ಇಡಬೇಕು. ಎತ್ತಿನ ಗಾಡಿಗೂ ನೊಗದ ಎರಡು ತುದಿಗಳಲ್ಲಿಯೂ ಗಾಡಿಯ ಹಿಂಭಾಗದಲ್ಲಿಯೂ ಇಂತಹ ಪಟ್ಟಿಗಳನ್ನು ಅಂಟಿಸುವುದು ಯುಕ್ತ. ಇದಕ್ಕಾಗುವ ಖರ್ಚು ಒಂದು ಜೊತೆ ಎತ್ತಿನ ಬೆಲೆಯೊಡನೆ ಹೋಲಿಸಿದರೆ ಲೆಕ್ಕಕ್ಕೆ ಬಾರದು.

ಟ್ರಾಕ್ಟರಿಗೆ ಎಡಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳಿರುವುದು ಉಳುಮೆಯಲ್ಲಿ ಬೇಗನೆ ತಿರುಗಿಸಲಿಕ್ಕಾಗಿ. ರಸ್ತೆಗೆ ಬಂದಾಗ ಈ ಎರಡನ್ನೂ ಚಿಲಕದಿಂದ ಜೋಡಿಸದೆ ಇದ್ದರೆ, ಅವಸರದಲ್ಲಿ ಒಂದೇ ಪೆಡಲನ್ನು ಒತ್ತಿದಾಗ ಟ್ರಾಕ್ಟರು ಒಂದು ಪಕ್ಕಕ್ಕೆ ಎಳೆದು ಮಗುಚಿಕೊಳ್ಳುವುದು. ಬ್ರೇಕಿಲ್ಲದ ಟ್ರೇಲರುಗಳು ಇಳಿಜಾರಿನಲ್ಲಿ ಟ್ರಾಕ್ಟರನ್ನು ಹಿಂದಿನಿಂದ ನೂಕುವುವು. ಆದ್ದರಿಂದ ಇಳಿಯುವ ಮುಂಚೆಯೇ ಕೆಳಗಿನ ಗೇರಿಗೆ ಹಾಕಿಕೊಳ್ಳಬೇಕು, ಎಂದಿಗೂ ಗೇರನ್ನು ಬಿಡಿಸಿ ಇಳಿಸಬಾರದು. ದಾರಿಯಲ್ಲಿ ಕೆಟ್ಟುನಿಂತರೆ ಹಿಂದುಗಡೆ ಐವತ್ತರಿಂದ ನೂರು ಹೆಜ್ಜೆ ದೂರದಲ್ಲಿ ಎಚ್ಚರಿಕೆಯ ತ್ರಿಕೋನವನ್ನಿಟ್ಟು, ಒಬ್ಬ ಆಳು ರಸ್ತೆಯಿಂದ ಕೆಳಗೆ ನಿಂತು ದೀಪವನ್ನು ತೋರಿಸುತ್ತಿರಬೇಕು. ತ್ರಿಕೋನದ ಬದಲು ಕಲ್ಲುಗಳನ್ನಿಟ್ಟು, ವಾಹನ ಹೋದ ಮೇಲೆ ಅವನ್ನು ಅಲ್ಲಿಯೇ ಬಿಟ್ಟುಹೋಗುವುದು ಘೋರವಾದ ಅಪರಾಧ. ಅಪಾಯಕರವಾದ ರೀತಿಯಲ್ಲಿ ವಾಹನವನ್ನು ರಸ್ತೆಯಲ್ಲಿ ಬಿಡುವುದನ್ನು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೨೨ನೆಯ ಕಲಮು ನಿಷೇಧಿಸಿರುತ್ತದೆ.

ಮುಂಜಾನೆಯ ಕಾವಳದಲ್ಲಿ ಕೂಲಿಯಾಳುಗಳನ್ನು ಸರಕಿನ ವಾಹನಗಳಲ್ಲಿಯೂ ಟ್ರೇಲರುಗಳಲ್ಲಿಯೂ ನಿಲ್ಲಿಸಿ ಸಾಗಿಸುವ ಪದ್ಧತಿಯನ್ನು ಭೂಮಾಲೀಕರು ಬಿಡತಕ್ಕದ್ದು. ವಾಹನವು ಮಗುಚಿದರೆ ಹಿಡಿದುಕೊಳ್ಳಲು ಏನೂ ಇಲ್ಲದ ಆಳುಗಳೇ ಮೊದಲು ಬಲಿಯಾಗುವರು. ಕೆಲಸದ ವೇಳೆಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದರೆ ಧಣಿಗೆ ಆಗುವ ನಷ್ಟವು ಅಲ್ಪ. ಒಂದು ಮನೆಯ ದುಡಿಯುವ ಕೈ ಹೋದರೆ ಆ ಮನೆಗೆ ಆಗುವ ನಷ್ಟವು ತುಂಬಿಬರತಕ್ಕದ್ದಲ್ಲ.

೫. ರಸ್ತೆಯ ಮೇಲಿನ ಒಕ್ಕಣೆ

ಮಾಗಿಯ ಕಾಲದಲ್ಲಿ ನಮ್ಮ ರಸ್ತೆಗಳಿಗೇ ವಿಶೇಷವಾದ ಮತ್ತೊಂದು ಅಪಾಯವು ರಸ್ತೆಯ ಮೇಲೆ ರಾಗಿ, ಹುರುಳಿ, ಅವರೆ, ತೊಗರಿ ಮುಂತಾದುವನ್ನು ಹರಡಿ, ಓಡಾಡುವ ವಾಹನಗಳಿಂದ ಒಕ್ಕಣೆ ಮಾಡಿಸುವುದು. ಹಿಂದೆ ಊರಿನ ಮುಂದೆ ಕಣ ಮಾಡಿ ರೋಣಗಲ್ಲನ್ನು ಎಳೆಯಿಸಿ ಒಕ್ಕುತ್ತಿದ್ದ ರೈತನು, ಎತ್ತುಗಳು ಕಡಿಮೆಯಾಗಿ ಆಳುಗಳು ದೊರೆಯದೆ ಹೋದ ಮೇಲೆ, ಬಿಟ್ಟಿಯಾಗಿ ಆಗುವ ಕೆಲಸವೆಂದು ಡಾಂಬರು ರಸ್ತೆಗೆ ಬಂದನು. ಅವನ ಕಷ್ಟವು ನಿಜವೇ ಆದರೂ ಈ ಕೆಲಸವು ನಿಜವಾಗಿ ಬಿಟ್ಟಿಯಲ್ಲ.

ಹುರುಳಿಯಂತಹ ದುಂಡನೆಯ ಕಾಳುಗಳು ಟೈರಿಗೂ ರಸ್ತೆಗೂ ನಡುವೆ ಸಿಕ್ಕಿ ಗುಂಡುಗಳಂತೆ ಉರುಳುವುವು; ಟೈರಿನ ಹಿಡಿತವು ತಪ್ಪುವುದು. ಹುಲ್ಲಿನ ದಪ್ಪ ಹಾಸಿನ ಕೆಳಗಿರುವ ಗುಂಡಿಯಾಗಲಿ ಕಲ್ಲಾಗಲಿ ಕಾಣಿಸದು. ಇಬ್ಬನಿ ಬಿದ್ದ ಹುಲ್ಲು ಇನ್ನೂ ಹೆಚ್ಚಾಗಿ ಜಾರುವುದು. ಒಣಗಿದ ಬಳ್ಳಿಗಳು ಅಚ್ಚಿಗೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಗುಲಿ ಬೆಂಕಿ ಹತ್ತುವ ಸಂಭವವೂ ಉಂಟು. ವಾಹನಗಳು ಹುಲ್ಲಿನ ಮೇಲೆಯೇ ಹಾಯಲೆಂದು ರಸ್ತೆಯ ಇನ್ನೊಂದು ಪಕ್ಕದಲ್ಲಿ ಸಾಲಾಗಿ ಇಡುವ ದಪ್ಪ ಕಲ್ಲುಗಳು ಸಂಜೆ ಅಲ್ಲಿಯೇ ಉಳಿದರೆ, ಕತ್ತಲೆಯಲ್ಲಿ ಬರುವ ಮೋಟಾರು ಸೈಕಲಿನವನಿಗೆ ಅವು ಯಮನಾಗುವುವು. ಹೀಗೆ ಬಿದ್ದವನು ದೂರದೂರಿನವನೇ ಆಗಿರಬೇಕೆಂದಿಲ್ಲ. ಪೇಟೆಯಿಂದ ಹಿಂದಿರುಗುವ ಅದೇ ಊರಿನ ಹುಡುಗನೂ ಆಗಿರಬಹುದು.

ಲಾಭದ ದೃಷ್ಟಿಯಿಂದಲೂ ಇದು ಹಿತವಲ್ಲ. ಭಾರವಾದ ಗಾಲಿಗಳ ಕೆಳಗೆ ಕಾಳು ಒಡೆಯುವುದು; ಒಡೆದ ಕಾಳು ಬಿತ್ತನೆಗೆ ಬಾರದು, ಹುಳುವಿಗೂ ಬೇಗ ತುತ್ತಾಗುವುದು. ಕಲ್ಲುಪುಡಿ, ಟೈರಿನ ಧೂಳು, ಎಣ್ಣೆಯ ಜಿಡ್ಡು ಧಾನ್ಯದೊಡನೆ ಬೆರೆಯುವುವು. ರಸ್ತೆಯ ಅಂಚಿನಲ್ಲಿ ಎಷ್ಟೋ ಕಾಳು ಮಣ್ಣುಪಾಲಾಗುವುದು. ಕಲ್ಲು ಬೆರೆತ ರಾಗಿಗೆ ಪೇಟೆಯಲ್ಲಿ ಬೆಲೆ ತಗ್ಗುವುದು. ಇದಲ್ಲದೆ ಸಾರ್ವಜನಿಕ ದಾರಿಗೆ ಅಡ್ಡಿಯನ್ನೋ ಅಪಾಯವನ್ನೋ ಉಂಟುಮಾಡುವವನಿಗೆ ೨೦೨೪ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ೨೮೫ನೆಯ ಕಲಮಿನಂತೆ ೫೦೦೦ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಒಂದು ಪ್ರಾಣವೇ ಹೋದಲ್ಲಿ ಮಾತು ದಂಡದೊಂದಿಗೆ ಮುಗಿಯಲಾರದು.

ಕಣ ಮಾಡುವ ಕ್ರಮವು ಹಿರಿಯರಿಗೆ ತಿಳಿದದ್ದೇ. ನೀರು ನಿಲ್ಲದ, ಗಾಳಿ ಚೆನ್ನಾಗಿ ಬೀಸುವ ಸ್ವಲ್ಪ ಎತ್ತರದ ಸ್ಥಳವನ್ನು ಆರಿಸಿ, ಹುಲ್ಲು ಕೂಳೆಗಳನ್ನು ಕೆತ್ತಿ, ನೀರು ಚಿಮುಕಿಸಿ, ದನಗಳಿಂದ ತುಳಿಸಿ ಅಥವಾ ಉರುಳುಕಲ್ಲಿನಿಂದ ಗಟ್ಟಿಮಾಡಿ, ಒಣಗಿದ ಮೇಲೆ ಸಗಣಿಯ ಬಗ್ಗಡದಿಂದ ಸಾರಿಸಿದರೆ ಸುಗ್ಗಿಯುದ್ದಕ್ಕೂ ಕಣವು ಬಾಳುವುದು. ಎತ್ತುಗಳಿಲ್ಲದವರು ಇದೇ ಕಣದಲ್ಲಿ ಟ್ರಾಕ್ಟರನ್ನು ನಿಧಾನವಾಗಿ ಸುತ್ತಾಡಿಸಬಹುದು. ಒಕ್ಕಣೆಯ ಯಂತ್ರವನ್ನು ಬಾಡಿಗೆಗೆ ಪಡೆಯಬೇಕೆನ್ನುವವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿಯೂ ವಿಚಾರಿಸತಕ್ಕದ್ದು. ಹತ್ತು ಮಂದಿ ಸಣ್ಣ ಹಿಡುವಳಿದಾರರು ಒಟ್ಟುಗೂಡಿ ಒಂದೇ ದಿನ ಯಂತ್ರವನ್ನು ತರಿಸಿದರೆ ಸಾಗಾಣಿಕೆಯ ಖರ್ಚು ಹಂಚಿಹೋಗುವುದು.

೬. ಗ್ರಾಮದ ಮುಖಂಡರು ಮಾಡತಕ್ಕ ಕೆಲಸಗಳು

(೧) ಸುಗ್ಗಿಗೆ ಮುಂಚಿತವಾಗಿಯೇ ಸಭೆ ಸೇರಿಸಿ, ಊರಿಗೆ ಒಂದು ಸಾಮಾನ್ಯ ಕಣವನ್ನು ಗೊತ್ತುಮಾಡುವುದು. ಸ್ವಂತ ಸ್ಥಳವಿಲ್ಲದ ಬಡ ರೈತರೇ ರಸ್ತೆಗೆ ಬರುವವರಾದ್ದರಿಂದ, ಅವರಿಗೆ ಸ್ಥಳವನ್ನು ತೋರಿಸದೆ ಕೇವಲ ಬೇಡವೆಂದರೆ ಫಲವಿಲ್ಲ. ಕೊಯಿಲಾದ ಹೊಲವುಳ್ಳ ಭೂಮಾಲೀಕರು ಅದರ ಒಂದು ಮೂಲೆಯನ್ನು ಎರಡು ತಿಂಗಳ ಮಟ್ಟಿಗೆ ನೆರೆಯವರಿಗೆ ಬಿಟ್ಟುಕೊಟ್ಟರೆ ದೊಡ್ಡ ಉಪಕಾರವಾಗುವುದು.

(೨) ಊರಿನ ಎಲ್ಲಾ ಟ್ರೇಲರುಗಳನ್ನೂ ಗಾಡಿಗಳನ್ನೂ ಒಂದು ದಿನ ಒಂದೆಡೆ ಸೇರಿಸಿ ಪ್ರತಿಫಲಕ ಪಟ್ಟಿಗಳನ್ನು ಅಂಟಿಸುವುದು.

(೩) ರಸ್ತೆಯ ತಿರುವುಗಳಲ್ಲಿ ಎದುರಿನ ದಾರಿಯನ್ನು ಮರೆಮಾಡುವ ಬೇಲಿಯ ಗಿಡಗಳನ್ನು ಕಡಿಸುವುದು. ಹುಲ್ಲಿನ ಬಣವೆಗಳನ್ನು ರಸ್ತೆಯ ಅಂಚಿನಲ್ಲಿ ಹಾಕಗೊಡದಿರುವುದು.

(೪) ಕೆರೆಯ ಏರಿ, ಕಿರುಸೇತುವೆಗಳ ಕಲ್ಲುಕಟ್ಟೆಗಳಿಗೆ ಸುಣ್ಣ ಬಳಿಸುವುದು. ಕಾವಳದಲ್ಲಿ ಬಿಳಿಯ ಗುರುತು ದಾರಿಯ ಅಂಚನ್ನು ತೋರಿಸುವುದು.

(೫) ಡೈರಿಗೆ ನಡೆಯುವವರು ರಸ್ತೆಯ ಬಲ ಅಂಚಿನಲ್ಲಿ ಎದುರಿನ ವಾಹನವನ್ನು ನೋಡುತ್ತಾ ನಡೆಯುವಂತೆಯೂ, ಕಪ್ಪು ಕಂಬಳಿಯ ಮೇಲೆ ಒಂದು ಬಿಳಿಯ ಬಟ್ಟೆಯನ್ನು ಹೊದೆಯುವಂತೆಯೂ, ಕೈಯಲ್ಲಿ ಟಾರ್ಚನ್ನು ಹಿಡಿಯುವಂತೆಯೂ ತಿಳಿಯಹೇಳುವುದು.

೭. ಅಪಘಾತ ಸಂಭವಿಸಿದಾಗ

ಎಷ್ಟು ಎಚ್ಚರವಿದ್ದರೂ ಅಪಘಾತವು ಸಂಭವಿಸುವುದುಂಟು. ಆಗ ಮೊದಲು ಹಿಂದಿನಿಂದ ಬರುವ ವಾಹನಗಳನ್ನು ದೀಪ ತೋರಿಸಿ ತಡೆಯಬೇಕು. ಕಾವಳದಲ್ಲಿ ಒಂದು ಅಪಘಾತದ ಮೇಲೆ ಮತ್ತೊಂದು ಆಗುವುದು ಸಾಮಾನ್ಯ. ಅನಂತರ ೧೦೮ಕ್ಕೆ ಆಂಬ್ಯುಲೆನ್ಸಿಗಾಗಿಯೂ ೧೧೨ಕ್ಕೆ ಪೊಲೀಸರಿಗಾಗಿಯೂ ಕರೆಮಾಡಿ ಸ್ಥಳವನ್ನು ಸ್ಪಷ್ಟವಾಗಿ ತಿಳಿಸಬೇಕು. ಬೆಂಕಿಯಂತಹ ಅಪಾಯವಿಲ್ಲದಿದ್ದರೆ ಗಾಯಗೊಂಡವನನ್ನು ಎಳೆದಾಡದೆ, ರಕ್ತ ಸುರಿಯುವ ಸ್ಥಳವನ್ನು ಶುದ್ಧವಾದ ಬಟ್ಟೆಯಿಂದ ಅದುಮಿ ಹಿಡಿದು, ಕಂಬಳಿ ಹೊದಿಸಿ ಚಳಿಯಿಂದ ಕಾಪಾಡಬೇಕು.

ಸಹಾಯ ಮಾಡಿದರೆ ಪೊಲೀಸು ಕೋರ್ಟುಗಳ ತೊಂದರೆ ಬರುವುದೆಂಬ ಭಯದಿಂದ ಹಳ್ಳಿಯವರು ದೂರ ನಿಲ್ಲುವುದುಂಟು. ಈ ಭಯಕ್ಕೆ ಈಗ ಕಾರಣವಿಲ್ಲ. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯಿದೆಗೆ ಸೇರಿಸಲಾದ ೧೩೪ಎ ಕಲಮು, ಸದ್ಭಾವನೆಯಿಂದ ಗಾಯಾಳುವಿಗೆ ನೆರವಾದವನಿಗೆ ರಕ್ಷಣೆಯನ್ನು ಕೊಟ್ಟಿರುತ್ತದೆ; ತನ್ನ ಹೆಸರು ವಿಳಾಸಗಳನ್ನು ತಿಳಿಸಬೇಕೆಂದು ಅವನನ್ನು ಬಲಾತ್ಕರಿಸುವಂತಿಲ್ಲ. ಈ ಸಂಗತಿಯನ್ನು ಮುಖಂಡರು ಊರಿನ ಪ್ರತಿಯೊಬ್ಬರಿಗೂ ತಿಳಿಯಪಡಿಸತಕ್ಕದ್ದು.

ರಸ್ತೆಯು ಒಬ್ಬನ ಸ್ವತ್ತಲ್ಲ. ಹೊಲದ ಬದುವಿನಂತೆ ಎಲ್ಲರಿಗೂ ಸೇರಿ ಕಾಪಾಡತಕ್ಕದ್ದು. ಊರಿನಲ್ಲಿ ಹೆಚ್ಚು ಗಾಡಿ ಟ್ರಾಕ್ಟರುಗಳುಳ್ಳವರೂ ಹೆಚ್ಚು ಒಕ್ಕಣೆಯುಳ್ಳವರೂ ಸಾಮಾನ್ಯವಾಗಿ ಮುಖಂಡರೇ. ಅವರ ಟ್ರೇಲರಿನ ಹಿಂದೆ ದೀಪವು ಉರಿದು, ಅವರ ರಾಗಿಯು ಕಣದಲ್ಲಿ ಒಕ್ಕಣೆಯಾದಲ್ಲಿ, ಉಳಿದವರು ಅದನ್ನು ನೋಡಿ ಅನುಸರಿಸುವರು. ಮುಂದಿನ ಸಂಕ್ರಾಂತಿಯ ರಾಶಿಪೂಜೆಯ ಹೊತ್ತಿಗೆ ಊರಿನ ಪ್ರತಿಯೊಂದು ಗಾಡಿಯೂ ಈ ರೀತಿ ಸಜ್ಜಾಗಿರುವಂತೆ ಈಗಲೇ ಕಾರ್ಯಾರಂಭ ಮಾಡುವುದು ಮೇಲು.